ಕತ್ತಿ ಕೆಳಗಿಡುವ ಹೊತ್ತು

ಮಹಾನವಮಿಯ ಮಧ್ಯಾಹ್ನ ಬೆಂಗಳೂರಿನ ಕುರುಬರಹಳ್ಳಿಯ ಒಳರಸ್ತೆಗಳಲ್ಲಿ ನಡೆದರೆ ಅಂಗಡಿ ಅಂಗಡಿಯವರೂ ಕರೆದು ಕೈತುಂಬ ಕಡ್ಲೆಪುರಿ ಸುರಿಯುತ್ತಾರೆ. ವೆಲ್ಡಿಂಗ್ ಶೆಡ್ಡು, ಲೇತ್ ಇಟ್ಟ ಸಣ್ಣ ವರ್ಕ್‌ಶಾಪು, ಗ್ಯಾರೇಜು, ಆಟೊ ಸ್ಟ್ಯಾಂಡು ಎಲ್ಲ ಕಡೆಯೂ ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವಿನ ಹಾರ. ಒಡೆದ ಬೂದುಗುಂಬಳ ಕುಂಕುಮ ಮೆತ್ತಿಕೊಂಡು ಬಾಗಿಲ ಮುಂದೆ ಬಿದ್ದಿರುತ್ತದೆ. ಒಳಗೆ ಸ್ಪ್ಯಾನರು, ಸುತ್ತಿಗೆ, ಡ್ರಿಲ್ಲಿನ ಬಿಟ್ಟುಗಳನ್ನು ತೊಳೆದು ಒರೆಸಿ ಸಾಲಾಗಿ ಜೋಡಿಸಿ ವಿಭೂತಿ ಬಳಿದಿರುತ್ತಾರೆ. ಪೂಜೆಯಾದ ಮೇಲೆ ಅವನ್ನು ಆ ದಿನ ಯಾರೂ ಮುಟ್ಟುವ ಹಾಗಿಲ್ಲ. ಇಂಥ ಸಾಲುಗಳಲ್ಲಿ ಒಮ್ಮೊಮ್ಮೆ ಹಿಡಿ ಸವೆದ ಹಳೆಯ ಸುತ್ತಿಗೆಯೊಂದೂ ಇರುತ್ತದೆ. ಅದರಲ್ಲಿ ಈಗ ಯಾರೂ ಕೆಲಸ ಮಾಡುವುದಿಲ್ಲ. ಅಂಗಡಿ ಶುರು ಮಾಡಿದ ಹಿರಿಯರ ಕೈಯಲ್ಲಿದ್ದದ್ದು ಎಂಬ ಕಾರಣಕ್ಕೆ ಮೊದಲ ಕುಂಕುಮ ಅದಕ್ಕೇ.

ಆಯುಧ ಪೂಜೆಯೆಂದರೆ ಆಯುಧ ಕೆಳಗಿಡುವ ದಿನ. ಮಾರನೆಯ ದಿನ ವಿಜಯದಶಮಿ, ಮತ್ತೆ ಕೈಗೆತ್ತಿಕೊಳ್ಳುವ ದಿನ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಬಿಲ್ಲು ಬಾಣ ಗದೆಗಳನ್ನು ಬನ್ನಿಮರದಲ್ಲಿ ಕಟ್ಟಿಟ್ಟು ವರ್ಷ ತುಂಬಿದ ಮೇಲೆ ಇಳಿಸಿಕೊಂಡರೆಂಬ ಕಥೆ ಈ ಎರಡು ದಿನಗಳ ಬೆನ್ನಿಗಿದೆ. ಒಂದು ವರ್ಷ ಭೀಮ ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದ, ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸಿದ. ಆದರೆ ಅದು ವರ್ಷದ ಮಟ್ಟಿನ ಮರೆ. ಕತ್ತಿ ಹಿಡಿದವನು ಅದನ್ನು ಮತ್ತೆಂದೂ ಎತ್ತಿಕೊಳ್ಳದ ಹಾಗೆ ಕೆಳಗಿಡಬೇಕೆಂದರೆ ಏನು ಮಾಡಬೇಕು? ಈ ಪ್ರಶ್ನೆಯನ್ನೇ ಹಿಡಿದು ಚೀನಾದ ಕಾದಂಬರಿಕಾರರು ಸಾವಿರಾರು ಪುಟ ಬರೆದಿದ್ದಾರೆ. ಕನ್ನಡ ನಾಡು ಅದಕ್ಕೆ ತನ್ನ ಉತ್ತರಗಳನ್ನು ಬಹುಮಟ್ಟಿಗೆ ಕಲ್ಲಿನ ಮೇಲೆ ಬರೆದಿಟ್ಟಿದೆ.

ಚೀನೀ ಭಾಷೆಯಲ್ಲಿ ಈ ಬಗೆಯ ಕಥೆಗಳಿಗೆ ವೂಶಿಯಾ ಎಂದು ಹೆಸರು. ‘ವೂ’ ಎಂದರೆ ಯುದ್ಧವಿದ್ಯೆ, ‘ಶಿಯಾ’ ಎಂದರೆ ಅನ್ಯಾಯ ಕಂಡಲ್ಲಿ ಎದ್ದು ನಿಲ್ಲುವ ವೀರ. ಇವರು ಓಡಾಡುವ ಲೋಕವನ್ನು ಜಿಯಾಂಗ್‌ಹು ಎನ್ನುತ್ತಾರೆ. ಪದಶಃ ಅರ್ಥ ನದಿಗಳು ಮತ್ತು ಸರೋವರಗಳು. ಸರ್ಕಾರದ ಕಾನೂನಿಗೆ ಸಿಗದ ಈ ಲೋಕದಲ್ಲಿ ಮಠಗಳು, ಪಂಥಗಳು, ಗುರುಪರಂಪರೆಗಳು ಇವೆ. ಕೊಟ್ಟ ಮಾತು, ತಿಂದ ಅನ್ನ, ತೀರಿಸಬೇಕಾದ ಹಗೆ ಇವೇ ಅಲ್ಲಿನ ಕಾನೂನು. ಒಳಗೆ ಬರುವುದು ಸುಲಭ. ಒಬ್ಬ ಗುರುವಿನ ಕಾಲಿಗೆ ಬಿದ್ದರಾಯಿತು. ಹೊರಗೆ ಹೋಗಲು ಮಾತ್ರ ಒಂದು ವಿಧಿಯೇ ಇದೆ. ಬಂಗಾರದ ಬೋಗುಣಿಯಲ್ಲಿ ನೀರು ತುಂಬಿಸಿ, ಎಲ್ಲ ಪಂಥಗಳ ಹಿರಿಯರನ್ನೂ ಕರೆದು, ಅವರ ಕಣ್ಣೆದುರಿಗೆ ಕೈ ತೊಳೆದುಕೊಳ್ಳಬೇಕು. ಅಲ್ಲಿಂದಾಚೆಗೆ ಯಾರ ಜಗಳಕ್ಕೂ ಅವನು ಬರುವುದಿಲ್ಲ, ಅವನ ತಂಟೆಗೂ ಯಾರೂ ಹೋಗುವಂತಿಲ್ಲ. ಇವತ್ತಿಗೂ ಚೀನಾದಲ್ಲಿ ಒಂದು ದಂಧೆ ಬಿಟ್ಟವನನ್ನು ‘ಬಂಗಾರದ ಬೋಗುಣಿಯಲ್ಲಿ ಕೈ ತೊಳೆದ’ ಎಂದೇ ಹೇಳುತ್ತಾರೆ.

ಈ ವಿಧಿಯನ್ನು ಓದುಗರ ಮನಸ್ಸಿನಲ್ಲಿ ಅಳಿಯದಂತೆ ಅಚ್ಚೊತ್ತಿದವರು ಜಿನ್ ಯೋಂಗ್. 1924ರಲ್ಲಿ ಹುಟ್ಟಿದ ಇವರು 1959ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ಮಿಂಗ್ ಪಾವ್’ ಪತ್ರಿಕೆ ಶುರು ಮಾಡಿ, ತಮ್ಮ ಕಾದಂಬರಿಗಳನ್ನು ದಿನಕ್ಕಿಷ್ಟರಂತೆ ಅದರಲ್ಲಿ ಧಾರಾವಾಹಿಯಾಗಿ ಬರೆದರು. 1967ರಿಂದ 1969ರವರೆಗೆ ಹರಿದುಬಂದ ಒಂದು ಕಾದಂಬರಿಯಲ್ಲಿ ಹೆಂಗ್‌ಶಾನ್ ಪಂಥದ ಲಿಯು ಜೆಂಗ್‌ಫೆಂಗ್ ಎಂಬ ಹಿರಿಯ ಕೈ ತೊಳೆಯಲು ಮುಹೂರ್ತ ಇಡುತ್ತಾನೆ. ಅವನಿಗೆ ಕೊಳಲೆಂದರೆ ಪ್ರಾಣ. ಎದುರು ಪಾಳಯದ ಚೂ ಯಾಂಗ್ ಎಂಬ ಹಿರಿಯನೂ ತಂತಿವಾದ್ಯದಲ್ಲಿ ಪಳಗಿದವನು. ಇಬ್ಬರೂ ಸಂಗೀತದಿಂದಲೇ ಸ್ನೇಹಿತರಾಗಿದ್ದಾರೆ. ಎರಡು ಪಾಳಯಗಳು ಕಾದಾಡುವ ದಿನ ಬಂದರೆ ಗೆಳೆಯನ ಮೇಲೆ ಕತ್ತಿ ಎತ್ತಬೇಕಾಗುತ್ತದೆ. ಅದಕ್ಕೆ ಮೊದಲೇ ಹೊರಬಿದ್ದು, ಕೊಳಲು ನುಡಿಸುತ್ತ ಉಳಿದ ದಿನ ಕಳೆಯಬೇಕೆಂಬುದು ಅವನ ಆಸೆ.

ಮನೆ ತುಂಬ ಅತಿಥಿಗಳು. ಬೋಗುಣಿ ತಂದಿಡುತ್ತಾರೆ. ಲಿಯು ತೋಳು ಸರಿಸಿ ನೀರಿಗೆ ಕೈ ಇಳಿಸಬೇಕು, ಅಷ್ಟರಲ್ಲಿ ಸೊಂಗ್‌ಶಾನ್ ಪಂಥದವರು ಪಂಥಗಳ ಒಕ್ಕೂಟದ ನಾಯಕನ ಬಾವುಟ ಹಿಡಿದು ಬಂದು ತಡೆಯುತ್ತಾರೆ. ಬೋಗುಣಿ ಮಗುಚಿ ಬೀಳುತ್ತದೆ, ನೀರೆಲ್ಲ ನೆಲದ ಪಾಲು. ಗೆಳೆಯನನ್ನು ಕೊಂದು ನಿಷ್ಠೆ ತೋರಿಸು ಎಂಬ ಆಜ್ಞೆಗೆ ಅವನು ಒಪ್ಪುವುದಿಲ್ಲ. ಅವನ ಹೆಂಡತಿ ಮಕ್ಕಳು, ಶಿಷ್ಯರು ಅವನ ಕಣ್ಣೆದುರೇ ಹತರಾಗುತ್ತಾರೆ. ಪೆಟ್ಟು ತಿಂದ ಇಬ್ಬರು ಗೆಳೆಯರೂ ಬೆಟ್ಟದಲ್ಲಿ ಕೊನೆಯ ಸಲ ಜೊತೆಯಾಗಿ ನುಡಿಸಿ, ತಾವು ಕಟ್ಟಿದ ಕೃತಿಯ ಹಾಳೆಗಳನ್ನು ಲಿಂಗ್‌ಹು ಚೊಂಗ್ ಎಂಬ ತರುಣನ ಕೈಗೆ ಕೊಟ್ಟು ಸಾಯುತ್ತಾರೆ. ನೂರಾರು ಕಂತುಗಳಾಚೆ, ಕಾದಂಬರಿಯ ಕೊನೆಯಲ್ಲಿ ಆ ತರುಣ ಹೋರಾಟದ ಲೋಕ ಬಿಟ್ಟು ಮದುವೆಯಾಗುವಾಗ ಅದೇ ಕೃತಿಯನ್ನು ನುಡಿಸುತ್ತಾನೆ. ಒಬ್ಬನಿಗೆ ದಕ್ಕದ ಬಿಡುಗಡೆ ಇನ್ನೊಬ್ಬನಿಗೆ ದಕ್ಕಿದ್ದು ಹೀಗೆ.

ಲಿಯುವಿನ ತಪ್ಪೇನು? ಸಾಕ್ಷಿಗಳನ್ನು ಕರೆದಿದ್ದ, ಮುಹೂರ್ತ ಇಟ್ಟಿದ್ದ, ನಿಯಮ ಮೀರಲಿಲ್ಲ. ಆದರೆ ಸಾಕ್ಷಿಗೆ ಬಂದವರಲ್ಲಿ ಬಲಶಾಲಿಗಳು ಅವನ ಬಿಡುಗಡೆಗೆ ಒಪ್ಪಲಿಲ್ಲ. ಉಳಿದವರು ಸುಮ್ಮನೆ ನೋಡುತ್ತ ನಿಂತರು. ಕತ್ತಿ ಹಿಡಿಯಲು ಒಬ್ಬನ ಮನಸ್ಸು ಸಾಕು. ಕೆಳಗಿಡಲು ಸುತ್ತಲಿನವರ ಮನಸ್ಸೂ ಬೇಕು. ವೂಶಿಯಾ ಕಥೆಗಳ ದುಃಖವೆಲ್ಲ ಹರಿಯುವುದು ಈ ಒಂದು ಬಿರುಕಿನಿಂದ.

ಚೀನೀಯರ ಹಳೆಯ ಇತಿಹಾಸದಲ್ಲಿಯೇ ಇದಕ್ಕೆ ಬೇರು ಇದೆ. ಕ್ರಿಸ್ತಪೂರ್ವ 473ರಲ್ಲಿ ಯುವೆ ರಾಜ್ಯದ ದೊರೆ ಗೋಜಿಯಾನ್ ತನ್ನ ಹಗೆಯಾದ ವೂ ರಾಜ್ಯವನ್ನು ಮುಗಿಸಿದ. ಗೆಲುವಿನ ಹಿಂದಿದ್ದ ಇಬ್ಬರು ಮಂತ್ರಿಗಳಲ್ಲಿ ಫಾನ್ ಲಿ ಎಂಬವನು ಆ ಗೆಲುವಿನ ಬೆನ್ನಲ್ಲೇ ದೋಣಿ ಹತ್ತಿ ಹೊರಟುಹೋದ. ಹಕ್ಕಿಗಳು ಮುಗಿದ ಮೇಲೆ ಬಿಲ್ಲಿಗೆ ಕೆಲಸವಿರುವುದಿಲ್ಲ, ನೀನೂ ಹೊರಡು ಎಂದು ಜೊತೆಗಾರ ವೆನ್ ಜೊಂಗ್‌ಗೆ ಹೇಳಿಕಳಿಸಿದನಂತೆ. ವೆನ್ ಜೊಂಗ್ ಉಳಿದ, ಕಡೆಗೆ ದೊರೆಯೇ ಕಳಿಸಿದ ಕತ್ತಿಯಿಂದ ಪ್ರಾಣ ಕಳೆದುಕೊಂಡ. ಫಾನ್ ಲಿ ಹೆಸರು ಬದಲಿಸಿಕೊಂಡು ದೊಡ್ಡ ವ್ಯಾಪಾರಿಯಾಗಿ ಬಾಳಿದ. ಹೊರಡಬೇಕಾದ ಗಳಿಗೆಯನ್ನು ಅರಿತವನು ಎಂದು ಎರಡೂವರೆ ಸಾವಿರ ವರ್ಷಗಳಿಂದ ಜನ ಅವನನ್ನು ನೆನೆಯುತ್ತಿದ್ದಾರೆ.

ಕಾದಂಬರಿಗಳ ವೀರರು ಹೋದ ದಾರಿಗಳು ಹಲವು. ಜಿನ್ ಯೋಂಗ್ ಅವರ ಯಾಂಗ್ ಗುವೊ ತನ್ನ ಹೆಂಡತಿಯೊಂದಿಗೆ ಹಳೆಯ ಸಮಾಧಿ ಗುಹೆಯ ಮನೆಗೆ ಮರಳಿದ. ಅವರದೇ ಇನ್ನೊಬ್ಬ ನಾಯಕ ಚಿಯಾವ್ ಫೆಂಗ್‌ಗೆ ಗಡಿಯಾಚೆ ಹೋಗಿ ದನಕುರಿ ಮೇಯಿಸಿಕೊಂಡು ಬದುಕುವ ಆಸೆಯಿತ್ತು, ಅದು ಈಡೇರಲೇ ಇಲ್ಲ. ಇನ್ನೊಬ್ಬ ಕಾದಂಬರಿಕಾರ ಗು ಲೊಂಗ್ ಬರೆದ ಶಿಯೆ ಶಿಯಾವ್‌ಫೆಂಗ್ ನಾಡಿನಲ್ಲೇ ಮಿಗಿಲಾದ ಕತ್ತಿಗಾರ. ಅವನು ಸತ್ತನೆಂದು ಸುದ್ದಿ ಹಬ್ಬಿಸಿ, ಯಾರಿಗೂ ಗುರುತು ಸಿಗದಂತೆ ಕೂಲಿನಾಲಿ ಮಾಡಿ ಬದುಕುತ್ತಾನೆ. ವಿರಾಟನ ಅಡುಗೆಮನೆಯ ಭೀಮನನ್ನು ಬಲ್ಲ ಕನ್ನಡ ಓದುಗನಿಗೆ ಅವನ ಕಥೆ ಹೊಸದೆನಿಸುವುದಿಲ್ಲ. ಆದರೆ ಹೆಸರು ಅವನನ್ನು ಹುಡುಕಿಕೊಂಡು ಬಂದೇ ಬರುತ್ತದೆ. ಕಡೆಗೆ ಮತ್ತೆಂದೂ ಕತ್ತಿ ಹಿಡಿಯಲಾಗದಂತೆ ತನ್ನ ಹೆಬ್ಬೆರಳುಗಳನ್ನೇ ಕಡಿದುಕೊಳ್ಳುತ್ತಾನೆ. ಏಕಲವ್ಯ ಗುರುವಿಗಾಗಿ ಕೊಟ್ಟದ್ದನ್ನು ಇವನು ನೆಮ್ಮದಿಗಾಗಿ ಕೊಟ್ಟ.

ಕನ್ನಡ ನಾಡಿಗೆ ಬಂದರೆ, ಇಲ್ಲಿ ಕತ್ತಿ ಹಿಡಿದ ಗಳಿಗೆಯೇ ಶಾಸನದಲ್ಲಿದೆ. ಸುಮಾರು ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗಿ ಸಿಡಿದೆದ್ದ ಕಥೆ ಹೇಳುತ್ತದೆ. ದರ್ಭೆ, ಸಮಿತ್ತು, ಹೋಮದ ಸೌಟು ಹಿಡಿದು ಪಳಗಿದ ಕೈ ಕತ್ತಿ ಹಿರಿಯಿತೆಂದು ಕವಿ ಕುಬ್ಜ ಅಲ್ಲಿ ಬಣ್ಣಿಸಿದ್ದಾನೆ. ಕದಂಬ ರಾಜ್ಯ ಹುಟ್ಟಿದ್ದು ಆ ಸಿಟ್ಟಿನಿಂದ. ಕತ್ತಿ ಕೆಳಗಿಟ್ಟವರ ಸುದ್ದಿಯೂ ಹೀಗೇ ಕಲ್ಲುಗಳಲ್ಲಿದೆಯೇ ಎಂದು ಹುಡುಕಿದರೆ ಮೊದಲು ಎದುರಾಗುವುದು ಬೇರೊಂದು ಉತ್ತರ. ಬಹಳಷ್ಟು ವೀರರಿಗೆ ಕೆಳಗಿಡುವ ಅವಕಾಶವೇ ಸಿಗಲಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ಒಂದು ದೊಡ್ಡ ವೀರಗಲ್ಲಿದೆ. ಆನೆ, ಕುದುರೆ, ಬಿಲ್ಲುಗಾರರು ಒಬ್ಬರ ಮೇಲೊಬ್ಬರು ಮುಗಿಬಿದ್ದ ಕಾಳಗ ಅದರ ಮೈತುಂಬ ಕೆತ್ತಿದೆ. ಗಂಗ ದೊರೆ ಎರೆಯಪ್ಪ ತನ್ನ ಅಧಿಕಾರಿ ನಾಗತ್ತರನನ್ನು ವೀರಮಹೇಂದ್ರನ ವಿರುದ್ಧದ ಯುದ್ಧಕ್ಕೆ ಕಳಿಸಿದ. ತುಂಬೆಪಾಡಿಯಲ್ಲಿ ನಾಗತ್ತರ ಕಾದಿ ಸತ್ತ. ಸುದ್ದಿ ತಿಳಿದ ದೊರೆ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಎಂದರೆ ದತ್ತಿಯಾಗಿ, ಕೊಟ್ಟ. ಒಬ್ಬನ ಕತ್ತಿ ಕೆಳಗೆ ಬಿದ್ದೊಡನೆ ಇನ್ನೊಬ್ಬ ಎತ್ತಿಕೊಳ್ಳಬೇಕಿತ್ತು. ಬೇಗೂರಿನಲ್ಲೇ ಇರುವ ಮತ್ತೊಂದು ವೀರಗಲ್ಲಿನಲ್ಲಿ, ಸುಮಾರು 890ರ ಬರಹದಲ್ಲಿ, ಬೆಂಗಳೂರು ಕಾಳೆಗದ ಮಾತು ಬರುತ್ತದೆ. ಈ ಊರಿನ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಂಡದ್ದೇ ಕಾದಿ ಸತ್ತವರ ಸುದ್ದಿಯ ಜೊತೆಗೆ.

ವೀರಗಲ್ಲುಗಳ ಸಾಮಾನ್ಯ ಕ್ರಮವನ್ನು ಹಳ್ಳಿಯ ಮಕ್ಕಳೂ ಬಲ್ಲರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿಯಲ್ಲಿ ಅವನು ಕೈಮುಗಿದು ಕೂತ ಚಿತ್ರ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗೆ ಬಿಲ್ಲು ಕತ್ತಿ ಹಿಡಿದ ಕೈಗಳು ಮೇಲಕ್ಕೆ ಹೋಗುವಷ್ಟರಲ್ಲಿ ಖಾಲಿಯಾಗಿ ಜೋಡಿಸಿಕೊಂಡಿರುತ್ತವೆ. ಬದುಕಿದ್ದಾಗ ಸಿಗದ ವಿಶ್ರಾಂತಿಯನ್ನು ಊರವರು ಶಿಲ್ಪಿಯ ಉಳಿಯಿಂದ ಕೊಡಿಸುತ್ತಿದ್ದರು. ಕುರುಬರಹಳ್ಳಿ ಎಂಬ ಹೆಸರಿನಲ್ಲಿರುವ ಕುರುಬರ ಕುಲದೈವ ಬೀರದೇವರು. ‘ಬೀರ’ ಎಂಬುದು ‘ವೀರ’ದ ತದ್ಭವ. ವೀರರು ದೇವರಾಗಿ ನೆಲೆಗೊಳ್ಳುವುದು ಈ ನಾಡಿಗೆ ಹೊಸತಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನಿಗೂ ಜನ ಇವತ್ತು ಹರಕೆ ಹೊರುತ್ತಾರೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬ ಇದಕ್ಕಿಂತ ಕಠಿಣವಾದ ಮಾತು ಹೇಳುತ್ತದೆ. ಹೊಯ್ಸಳರಲ್ಲಿ ಗರುಡರೆಂಬ ಆಪ್ತ ವೀರರಿದ್ದರು. ದೊರೆಯ ಜೊತೆ ಬದುಕುತ್ತೇವೆ, ದೊರೆಯ ಜೊತೆ ಸಾಯುತ್ತೇವೆ ಎಂಬುದು ಅವರ ವ್ರತ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮ ತನ್ನ ಹೆಂಡತಿ ಸುಗ್ಗಲದೇವಿ ಹಾಗೂ ಸಾವಿರ ವೀರರೊಡನೆ ಪ್ರಾಣ ಬಿಟ್ಟ. ಕಂಬದ ಮೇಲೆ ತಮ್ಮ ಕೊರಳಿಗೆ ತಾವೇ ಕತ್ತಿ ಇಡುತ್ತಿರುವ ವೀರರ ಸಾಲು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಾತು ಕೊಟ್ಟು ಲೋಕದೊಳಗೆ ಬಂದವರಿಗೆ ಹೊರಬಾಗಿಲೇ ಇರಲಿಲ್ಲ. ಜಿಯಾಂಗ್‌ಹುವಿನ ಅತ್ಯಂತ ಕಟು ನಿಯಮ ಹೊಯ್ಸಳರ ನಾಡಿನಲ್ಲಿ ಕಲ್ಪನೆಯಾಗಿರಲಿಲ್ಲ.

ಬಿಟ್ಟುಹೋಗುವ ಇನ್ನೊಂದು ದಾರಿಯನ್ನು ನಾಡಿಗೆ ಕಲಿಸಿದ್ದು ಜೈನ ಧರ್ಮ. ಅದರ ಆದಿಕಥೆ ಬಾಹುಬಲಿಯದು. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಆ ಕಥೆ ಕನ್ನಡಕ್ಕೆ ಬಂತು. ಪಂಪನೂ ಅರಿಕೇಸರಿಯ ಆಸ್ಥಾನದಲ್ಲಿ ಕತ್ತಿ ಹಿಡಿದೇ ಬಾಳಿದ ಕವಿ. ಅಣ್ಣ ಭರತ, ತಮ್ಮ ಬಾಹುಬಲಿ. ಸೈನ್ಯಗಳು ಸಾಯುವುದು ಬೇಡವೆಂದು ಇಬ್ಬರೇ ಸೆಣಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಗೆದ್ದ ತಮ್ಮ ಅಣ್ಣನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದಾನೆ. ಇನ್ನು ನೆಲಕ್ಕಪ್ಪಳಿಸಬೇಕು. ಆ ಗಳಿಗೆಯಲ್ಲಿ ಅವನ ಮನಸ್ಸು ತಿರುಗುತ್ತದೆ. ಅಣ್ಣನನ್ನು ಮೆಲ್ಲಗೆ ಕೆಳಗಿಳಿಸಿ, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ. ಸೋತು ಹೊರಬಿದ್ದವರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಬಾಹುಬಲಿ ಗೆದ್ದ ತೋಳುಗಳನ್ನು ಅರ್ಧದಲ್ಲಿ ತಡೆದವನು.

ಅಲ್ಲಿಗೆ ಮುಗಿಯಿತೇ ಎಂದರೆ ಇಲ್ಲ. ಕಾಲಿಗೆ ಬಳ್ಳಿ ಹಬ್ಬಿ, ಹುತ್ತ ಬೆಳೆದು, ಹಾವು ಹರಿದಾಡಿದರೂ ನಿಂತೇ ಇದ್ದವನಿಗೆ ಕೇವಲಜ್ಞಾನ ಮಾತ್ರ ಬರಲಿಲ್ಲ. ಭರತನ ನೆಲದ ಮೇಲೆ ನಿಂತಿದ್ದೇನೆ ಎಂಬ ಸಣ್ಣ ಮುಳ್ಳೊಂದು ಎದೆಯಲ್ಲಿ ಉಳಿದಿತ್ತೆಂದು ಜೈನ ಪರಂಪರೆಯಲ್ಲಿ ಹೇಳುತ್ತಾರೆ. ಭರತ ತಾನೇ ಬಂದು ನಮಿಸಿದ ಮೇಲೆ ಆ ಮುಳ್ಳು ಕಳಚಿತು. ಕತ್ತಿ ಬಿಟ್ಟವನಿಗೂ ಎದುರಾಳಿ ಬಂದು ಲೆಕ್ಕ ಚುಕ್ತಾ ಮಾಡಬೇಕಾಯಿತು. ಲಿಯು ಜೆಂಗ್‌ಫೆಂಗ್ ಬಂಗಾರದ ಬೋಗುಣಿ ಇಟ್ಟು ಕಾದದ್ದು ಇಂಥ ಒಬ್ಬ ಭರತನಿಗಾಗಿಯೇ.

ಆ ಬಾಹುಬಲಿಯನ್ನು ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ 58 ಅಡಿ ಎತ್ತರಕ್ಕೆ ನಿಲ್ಲಿಸಿದವನೂ ಯೋಧ. ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ. ಸಮರಧುರಂಧರ, ವೀರಮಾರ್ತಾಂಡ, ಸಮರಪರಶುರಾಮ ಇವೆಲ್ಲ ಅವನ ಬಿರುದುಗಳು, ಅವುಗಳ ಹಿಂದೆ ಅವನು ಕಾದಿದ ಕಾಳಗಗಳಿವೆ. 978ರಲ್ಲಿ ತನ್ನ ಹೆಸರಿನ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿ, 981ರ ಸುಮಾರಿಗೆ ಗೊಮ್ಮಟನ ಪ್ರತಿಷ್ಠೆ ಮಾಡಿಸಿದ. ಬೆಟ್ಟ ಹತ್ತುವಾಗ ಸಿಗುವ ತ್ಯಾಗದ ಬ್ರಹ್ಮದೇವರ ಕಂಬದ ಬಳಿ ಅವನು ದಾನ ಹಂಚುತ್ತಿದ್ದನೆಂದೂ, ಅಲ್ಲೇ ಎಲ್ಲವನ್ನೂ ತ್ಯಜಿಸಿದನೆಂದೂ ಎರಡು ಬಗೆಯಾಗಿ ಹೇಳುತ್ತಾರೆ. ಅದರ ನಾಲ್ಕು ಮುಖಗಳಲ್ಲೂ ಅವನ ಶಾಸನವಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ಕೆಲವೇ ಸಾಲುಗಳ ತನ್ನ ಬರಹಕ್ಕಾಗಿ ಮೂರು ಮುಖಗಳನ್ನು ಅಳಿಸಿಬಿಟ್ಟ. ಉಳಿದ ಒಂದು ಮುಖದಲ್ಲಿ ಇರುವುದು ಚಾವುಂಡರಾಯನ ಕಾಳಗಗಳ ವರ್ಣನೆ. ಗೊಮ್ಮಟನ ಬುಡದಲ್ಲೇ ನಿಂತ ಕಂಬದಲ್ಲಿ ಅವನ ಕತ್ತಿಯ ಸುದ್ದಿ ಉಳಿಯಿತು, ಮಿಕ್ಕದ್ದು ಹೋಯಿತು. ಶಾಸನಗಳನ್ನು ಪ್ರೀತಿಸುವವರಿಗೆ ಆ ಬೋಳು ಮುಖಗಳ ಮುಂದೆ ನಿಲ್ಲುವುದು ಕಷ್ಟದ ಕೆಲಸ.

ಅವನ ಒಡೆಯನ ಸುದ್ದಿ ಮಾತ್ರ ಉಳಿದಿದೆ. ಎದುರಿನ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ ಗಂಗ ದೊರೆ ಇಮ್ಮಡಿ ಮಾರಸಿಂಹನ ಗೆಲುವುಗಳ ದೊಡ್ಡ ಪಟ್ಟಿಯಿದೆ. ನೊಳಂಬರನ್ನು ಮುಗಿಸಿ ನೊಳಂಬಕುಲಾಂತಕನೆನಿಸಿಕೊಂಡವನು, ಉಚ್ಚಂಗಿಯ ಕೋಟೆ ಮುರಿದವನು, ರಾಷ್ಟ್ರಕೂಟರ ಸಿಂಹಾಸನಕ್ಕೆ ಆಸರೆಯಾದವನು. ಪಟ್ಟಿ ಮುಗಿದ ಮೇಲೆ ಶಾಸನದ ದನಿ ಇಳಿಯುತ್ತದೆ. ಅವನು ರಾಜ್ಯ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಸಮಾಧಿ ಪಡೆದ. ವರ್ಷ 974ರ ಸುಮಾರು. ಬಂಕಾಪುರ ಇವತ್ತಿನ ಹಾವೇರಿ ಜಿಲ್ಲೆಯಲ್ಲಿದೆ. ಯುದ್ಧಗಳಲ್ಲಿ ಕಳೆದ ಬದುಕು, ಮೂರು ದಿನಗಳ ಬಿಡುಗಡೆ. ಗುರು ಒಬ್ಬರು ಎದುರಿಗಿದ್ದರು, ಬೆಟ್ಟದ ಮೇಲಿನ ಕಂಬ ಅದನ್ನು ಬರೆದಿಟ್ಟುಕೊಂಡಿತು.

ಮಾರಸಿಂಹ ಸಿಂಹಾಸನಕ್ಕೇರಿಸಲು ಹೆಣಗಿದ್ದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮೊಮ್ಮಗ ನಾಲ್ಕನೆಯ ಇಂದ್ರನನ್ನು. ಸಾಮ್ರಾಜ್ಯವನ್ನು ಚಾಲುಕ್ಯ ತೈಲಪ ಆಗಲೇ ಕಿತ್ತುಕೊಂಡಿದ್ದ. ಇಂದ್ರ ಶ್ರವಣಬೆಳಗೊಳಕ್ಕೆ ಬಂದು 982ರ ಮಾರ್ಚ್ 20ರಂದು ಸಲ್ಲೇಖನದಿಂದ ದೇಹ ಬಿಟ್ಟ. ಚಿಕ್ಕಬೆಟ್ಟದ ಗಂಧವಾರಣ ಬಸದಿಯ ಬಳಿಯ ಶಾಸನ ಅವನನ್ನು ನೆನೆಯುವ ಬಗೆ ಮನಸ್ಸು ಕಲಕುತ್ತದೆ. ಕಳೆದುಕೊಂಡ ಸಾಮ್ರಾಜ್ಯಕ್ಕಿಂತ ಹೆಚ್ಚಾಗಿ ಕುದುರೆಯ ಮೇಲೆ ಕೂತು ಅವನು ಆಡುತ್ತಿದ್ದ ಚೆಂಡಾಟದ ಚಳಕವನ್ನು ಅದು ಬಾಯ್ತುಂಬ ಹೊಗಳುತ್ತದೆ. ಯಾವ ದಿಕ್ಕಿಗೆ ಹೇಗೆ ತಿರುಗಿ ಹೊಡೆಯುತ್ತಿದ್ದ ಎಂಬುದನ್ನೂ ಬಿಡದೆ ಬಣ್ಣಿಸುತ್ತದೆ. ಕೊನೆಯ ಉಸಿರಿಗೆ ಕಾದು ಕೂತ ದೊರೆಯ ಪಕ್ಕದಲ್ಲಿದ್ದವರು ಅವನ ಎಳೆಯ ದಿನಗಳ ಆಟವನ್ನು ನೆನೆದಿದ್ದಾರೆ.

ಬಿಡುಗಡೆ ಯಾರೂ ಕೊಡದಾಗ ಏನಾಗುತ್ತದೆಂಬುದಕ್ಕೆ 1799 ಸಾಕ್ಷಿ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ. ಅವನ ದೊಡ್ಡ ಸೈನ್ಯ ಒಂದೇ ದಿನದಲ್ಲಿ ಯಜಮಾನನಿಲ್ಲದ ಗುಂಪಾಯಿತು. ಕೋಟೆಯ ಸೆರೆಯಿಂದ ಬಿಡುಗಡೆಯಾದ ಧೋಂಡಿಯ ವಾಘ್ ಅವರಲ್ಲಿ ಹಲವರನ್ನು ಕಟ್ಟಿಕೊಂಡು ಉಭಯಲೋಕಾಧೀಶ್ವರ ಎಂದು ಹೆಸರಿಟ್ಟುಕೊಂಡ. ಆರ್ಥರ್ ವೆಲ್ಲೆಸ್ಲಿ ಅವನನ್ನು ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋಗಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಕೊಂದ. ಕತ್ತಿಯೊಂದೇ ಗೊತ್ತಿದ್ದವರಿಗೆ ಬೇರೆ ಹೊಟ್ಟೆಪಾಡು ತೋರಿಸದಿದ್ದರೆ ಅವರು ಕತ್ತಿಯನ್ನೇ ಹಿಡಿಯುತ್ತಾರೆ. ದಿವಾನ್ ಪೂರ್ಣಯ್ಯ ಅದನ್ನು ಅರಿತವನು. ಕಂದಾಚಾರವೆಂಬ ನಾಡಪಡೆಯ ಆಳುಗಳನ್ನು ಸಣ್ಣ ಸಂಬಳದ ಮೇಲೆ ಉಳಿಸಿಕೊಂಡು, ಅವರು ಊರಲ್ಲಿದ್ದು ಬೇಸಾಯ ಮಾಡಿಕೊಳ್ಳಲು ದಾರಿ ಮಾಡಿಕೊಟ್ಟ.

ಹೋರಾಟದಲ್ಲಿ ಮೈ ಕರಗಿಸಿದವನು ವಯಸ್ಸಾದ ಮೇಲೆ ಏನಾಗಬೇಕು ಎಂಬುದಕ್ಕೆ ಗರಡಿಮನೆಗಳಲ್ಲಿ ಹಳೆಯ ಉತ್ತರವಿದೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ಜಟ್ಟಿಗಳದು. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನಗಳಿಂದ ಆರಿಸಿ ಬಂದವರು ತಲೆ ಬೋಳಿಸಿಕೊಂಡು, ಕೈಬೆರಳಿಗೆ ಮೊನೆಗಳಿರುವ ವಜ್ರಮುಷ್ಟಿ ತೊಟ್ಟು ಕೆಮ್ಮಣ್ಣಿನ ಅಖಾಡಕ್ಕೆ ಇಳಿಯುತ್ತಾರೆ. ಕುಲದೇವತೆ ನಿಂಬುಜಾಂಬೆ. ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಸಾಕು, ಹಿರಿಯ ಜಟ್ಟಿ ನಡುವೆ ಬಂದು ಇಬ್ಬರನ್ನೂ ಬಿಡಿಸುತ್ತಾನೆ. ಅದಾದ ಮೇಲೆಯೇ ವಿಜಯಯಾತ್ರೆ. ನಡುವೆ ಬರುವ ಆ ಹಿರಿಯನೇ ಇಲ್ಲಿ ಮುಖ್ಯ. ಅವನೂ ಒಂದು ಕಾಲದಲ್ಲಿ ವಜ್ರಮುಷ್ಟಿ ತೊಟ್ಟವನು.

ಜಟ್ಟಿಗಳಿಗೆ ಮೂಳೆ ಕೂರಿಸುವುದು, ಉಳುಕು ತೆಗೆಯುವುದು, ಎಣ್ಣೆ ಹಚ್ಚಿ ನೀವುವುದು ಹಿಂದಿನಿಂದ ಬಂದ ವಿದ್ಯೆ. ಮೂಳೆ ಎಲ್ಲಿ ಮುರಿಯುತ್ತದೆಂದು ಬಲ್ಲವನಿಗೆ ಅದನ್ನು ಎಲ್ಲಿ ಕೂರಿಸಬೇಕೆಂಬುದೂ ಗೊತ್ತು. ಬೆಂಗಳೂರು ಪೇಟೆಯ ಗರಡಿಗಳಲ್ಲೂ ಅಷ್ಟೇ. ಗೋಡೆಗೆ ಹನುಮಂತನ ಪಟ, ಎಣ್ಣೆ ಕುಡಿದ ಮಟ್ಟಿ, ಮೂಲೆಯಲ್ಲಿ ಗದೆ. ಕುಸ್ತಿ ಬಿಟ್ಟ ಪೈಲ್ವಾನರು ಗರಡಿ ಬಿಡುವುದಿಲ್ಲ. ಉಸ್ತಾದರಾಗಿ ಮಟ್ಟಿಯ ಅಂಚಿನಲ್ಲಿ ಕೂತು ಹುಡುಗರಿಗೆ ಪಟ್ಟು ಹೇಳಿಕೊಡುತ್ತಾರೆ. ಬೆಳಗ್ಗೆ ಮಟ್ಟಿ ಅಗೆಯುವಾಗ ಮೊದಲ ಹಿಡಿ ಮಣ್ಣನ್ನು ಕಣ್ಣಿಗೊತ್ತಿಕೊಳ್ಳುವುದು ಅವರಿಗೆ ಬಿಟ್ಟು ಹೋಗದ ಅಭ್ಯಾಸ. ವೂಶಿಯಾ ಕಥೆಗಳಲ್ಲಿ ಕಂಡುಬರುವ ಮುದಿ ಗುರುಗಳನ್ನು ಇಲ್ಲಿ ಕಥೆಯಲ್ಲಿ ಹುಡುಕಬೇಕಾಗಿಲ್ಲ.

ಬೆಂಗಳೂರಿನ ಕರಗ ಇದನ್ನು ಮತ್ತೊಂದು ದಾರಿಯಲ್ಲಿ ಹಿಡಿದಿಟ್ಟಿದೆ. ತಿಮಿರಾಸುರನ ಸಂಹಾರಕ್ಕೆ ದ್ರೌಪದಿ ವೀರಕುಮಾರರನ್ನು ಹುಟ್ಟಿಸಿದಳೆಂದು ಕಥೆ. ಯುದ್ಧ ಮುಗಿದು ಅವಳು ಹೊರಟಾಗ ಇರಿ ಎಂದು ಅವರು ಬೇಡಿಕೊಂಡರು. ವರ್ಷಕ್ಕೊಮ್ಮೆ ಚೈತ್ರದಲ್ಲಿ ಬಂದು ಹೋಗುವುದಾಗಿ ಮಾತು ಕೊಟ್ಟಳು. ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ತಿಗಳರು ಧರ್ಮರಾಯನ ಗುಡಿಯ ಕರಗದ ಕಾವಲಿಗೆ ವೀರಕುಮಾರರಾಗಿ ಕತ್ತಿ ಹಿಡಿದು ನಿಲ್ಲುತ್ತಾರೆ. ‘ಅಲಗು ಸೇವೆ’ಯಲ್ಲಿ ಕತ್ತಿಯ ಅಲಗನ್ನು ತಮ್ಮ ಎದೆಗೇ ಬಡಿದುಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ಈ ಸಮುದಾಯದ ಹೆಸರು ತೋಟಗಾರಿಕೆಗೆ. ಹೂವು, ಸೊಪ್ಪು, ತರಕಾರಿ ಬೆಳೆದು ಊರಿಗೆ ಉಣಬಡಿಸಿದವರು ಇವರು. ಕತ್ತಿ ಹಿಡಿದ ಕುಲ ಕುಡಗೋಲಿಗೆ ಬಂದು, ಕತ್ತಿಗೆ ವರ್ಷದಲ್ಲಿ ಕೆಲವೇ ರಾತ್ರಿಗಳನ್ನು ಮೀಸಲಿಟ್ಟದ್ದು ಒಬ್ಬನ ತೀರ್ಮಾನವಲ್ಲ. ಇಡೀ ಪೇಟೆ ಅದಕ್ಕೆ ರಾತ್ರಿಯಿಡೀ ಎಚ್ಚರವಿದ್ದು ಸಾಕ್ಷಿಯಾಗುತ್ತದೆ.

ಕುರುಬರಹಳ್ಳಿಯಿಂದ ರಿಂಗ್ ರಸ್ತೆ ಹಿಡಿದು ಹೋದರೆ ದೂರವಲ್ಲದ ಕಡೆ ಕಂಠೀರವ ಸ್ಟುಡಿಯೊ, ಅಲ್ಲಿ ಡಾ. ರಾಜ್‌ಕುಮಾರ್ ಸಮಾಧಿ. 1960ರ ‘ರಣಧೀರ ಕಂಠೀರವ’ದಲ್ಲಿ, 1967ರ ‘ಇಮ್ಮಡಿ ಪುಲಿಕೇಶಿ’ಯಲ್ಲಿ, 1975ರ ‘ಮಯೂರ’ದಲ್ಲಿ ಅವರು ಹಿಡಿದ ಕತ್ತಿ ಕನ್ನಡಿಗರ ಕಣ್ಣಲ್ಲಿ ಇವತ್ತಿಗೂ ಹೊಳೆಯುತ್ತದೆ. ಮೊದಲ ಚಿತ್ರದ ನಾಯಕ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಮೈಸೂರನ್ನಾಳಿದವರು. ತಿರುಚಿನಾಪಳ್ಳಿಯ ಗರ್ವದ ಜಟ್ಟಿಯೊಬ್ಬನ ಸುದ್ದಿ ಕೇಳಿ, ವೇಷ ಮರೆಸಿಕೊಂಡು ಹೋಗಿ ಅವನನ್ನು ಗೆದ್ದು, ಬಹುಮಾನಕ್ಕೆ ಕಾಯದೆ ಹಿಂದಿರುಗಿದರೆಂಬ ಐತಿಹ್ಯ ಪ್ರಸಿದ್ಧ. ವೂಶಿಯಾ ಬರೆದವರಿಗೆ ಈ ಕಥೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಗೆದ್ದು, ಹೆಸರು ತಿಳಿಯುವ ಮುನ್ನ ಮರೆಯಾಗುವುದು ಅವರ ಅತಿ ಪ್ರೀತಿಯ ದೃಶ್ಯ.

ಜಿನ್ ಯೋಂಗ್ ಕೂಡ ಒಂದು ದಿನ ಕತ್ತಿ ಕೆಳಗಿಟ್ಟರು. 1972ರಲ್ಲಿ ಮುಗಿದ ಧಾರಾವಾಹಿಯಲ್ಲಿ ಯುದ್ಧವಿದ್ಯೆ ಅಷ್ಟಾಗಿ ಬಾರದ ಹುಡುಗನನ್ನು ನಾಯಕನನ್ನಾಗಿ ಮಾಡಿ, ಅವನನ್ನು ಹೆಂಡಿರೊಂದಿಗೆ ಎಲ್ಲರ ಕಣ್ಣು ತಪ್ಪಿಸಿ ಕಳಿಸಿಬಿಟ್ಟರು. ಆಮೇಲೆ 2018ರ ಅಕ್ಟೋಬರ್ 30ರಂದು ತೀರಿಕೊಳ್ಳುವವರೆಗೆ ಹೊಸ ಕಾದಂಬರಿ ಬರೆಯಲಿಲ್ಲ. ಬರೆದದ್ದನ್ನೇ ತಿದ್ದುತ್ತ ಕೂತರು. ಉಸ್ತಾದರು ಮಟ್ಟಿಯ ಅಂಚಿನಲ್ಲಿ ಕೂರುವ ಹಾಗೆ.

ವಿಜಯದಶಮಿಯ ಬೆಳಗ್ಗೆ ಕುರುಬರಹಳ್ಳಿಯ ಶೆಡ್ಡುಗಳಲ್ಲಿ ಒಣಗಿದ ಚೆಂಡುಹೂವುಗಳನ್ನು ಗುಡಿಸಿ ಮೂಲೆಗೆ ತಳ್ಳುತ್ತಾರೆ. ಲೇತಿನ ಮೋಟಾರು ಗುರುಗುಡುತ್ತದೆ, ವೆಲ್ಡಿಂಗಿನ ಕಿಡಿ ಮತ್ತೆ ಹಾರತೊಡಗುತ್ತದೆ. ಸಾಲಾಗಿ ಜೋಡಿಸಿದ್ದ ಉಪಕರಣಗಳನ್ನು ಒಬ್ಬೊಬ್ಬರೂ ಎತ್ತಿಕೊಂಡು ಹೋದ ಮೇಲೆ ಮಣೆಯ ಮೇಲೆ ಒಂದು ಸುತ್ತಿಗೆ ಉಳಿಯುತ್ತದೆ. ಮೂರನೆಯ ತಲೆಮಾರಿನ ಹುಡುಗ ಅದರ ಹಿಡಿಯನ್ನು ಬಟ್ಟೆಯಿಂದ ಒರೆಸಿ, ಕುಂಕುಮ ಮಾತ್ರ ಹಾಗೇ ಬಿಟ್ಟು, ಅದರ ಮೊಳೆಗೆ ನೇತುಹಾಕಿ ಕೆಲಸಕ್ಕೆ ತಿರುಗುತ್ತಾನೆ.